ಮಳೆಗೆ ಮುನ್ನ ಮಸಾಲೆ ಪುಡಿ: ಮನೆ ಬಳಕೆಗೂ ಸ್ವಸಹಾಯ ಗುಂಪಿನ ಮಾರಾಟಕ್ಕೂ

ಉಡುಪಿ ಜಿಲ್ಲೆಯ ಮನೆಗಳಲ್ಲಿ ಮೇ ತಿಂಗಳು ಮುಗಿಯುವ ಹೊತ್ತಿಗೆ ಕೆಲವು ಕೆಲಸಗಳು ಮುಗಿದಿರಬೇಕೆಂಬುದು ಹಿಂದಿನಿಂದ ಬಂದ ವಾಡಿಕೆ. ಕಟ್ಟಿಗೆ ಕೊಟ್ಟಿಗೆ ಸೇರಬೇಕು, ಹಪ್ಪಳ ಸಂಡಿಗೆ ಡಬ್ಬಿ ಸೇರಬೇಕು, ಮಾವಿನ ಮಿಡಿ ಭರಣಿ ಸೇರಬೇಕು. ಅದರ ಜೊತೆಗೇ ಮಳೆಗಾಲಕ್ಕೆ ಬೇಕಾಗುವಷ್ಟು ಮೆಣಸು ಒಣಗಿ, ಹುರಿದು, ಪುಡಿಯಾಗಿರಬೇಕು. ಈ ವಾಡಿಕೆಯ ಹಿಂದೆ ಸ್ಪಷ್ಟವಾದ ಕಾರಣವಿದೆ. ಜೂನ್ ಮೊದಲ ವಾರದಲ್ಲಿ ಮುಂಗಾರು ಪ್ರವೇಶಿಸಿದ ಮೇಲೆ ಕರಾವಳಿಯ ಗಾಳಿಯಲ್ಲಿಯೇ ನೀರು ತುಂಬಿರುತ್ತದೆ. ಆ ಗಾಳಿಯಲ್ಲಿ ಮೆಣಸನ್ನು ಒಣಗಿಸಲು ಸಾಧ್ಯವಿಲ್ಲ. ಒಣಗಿದ ಮೆಣಸೂ ತೆರೆದಿಟ್ಟರೆ ಮತ್ತೆ ಹಸಿಯಾಗುತ್ತದೆ.

ಇಂದು ಮನೆಯಲ್ಲಿ ತಯಾರಿಸುವ ಮಸಾಲೆ ಪುಡಿ ಕೇವಲ ಮನೆಯ ಅಡುಗೆಗೆ ಸೀಮಿತವಾಗಿಲ್ಲ. ಉಡುಪಿ, ಕಾಪು, ಕಾರ್ಕಳ ತಾಲೂಕುಗಳಲ್ಲಿ ಮಹಿಳಾ ಸ್ವಸಹಾಯ ಗುಂಪುಗಳಿಗೆ ಇದೊಂದು ಆದಾಯದ ದಾರಿಯೂ ಹೌದು. ಮಣಿಪಾಲದಂತಹ ವಿದ್ಯಾಕೇಂದ್ರದಲ್ಲಿ ಬಾಡಿಗೆ ಮನೆಗಳಲ್ಲಿ ನೆಲೆಸಿರುವವರಿಗೆ ಹುರಿದು ಅರೆಯುವ ಅನುಕೂಲವಿರುವುದಿಲ್ಲ. ಅವರು ಸಿದ್ಧ ಪುಡಿಯನ್ನು ಹುಡುಕುತ್ತಾರೆ. ಆದರೆ ಒಂದು ಬಾರಿ ಬೂಷ್ಟು ಹಿಡಿದ ಪೊಟ್ಟಣ ಗ್ರಾಹಕರ ಕೈ ಸೇರಿದರೆ ಇಡೀ ಗುಂಪಿನ ಹೆಸರು ಕೆಡುತ್ತದೆ. ಗ್ರಾಹಕರ ಆರೋಗ್ಯಕ್ಕೂ ಹಾನಿಯಾಗುತ್ತದೆ. ಪುಡಿಯ ರುಚಿ, ಬಾಳಿಕೆ, ಸುರಕ್ಷತೆ ಈ ಮೂರೂ ಮುಖ್ಯವಾಗಿ ಅವಲಂಬಿಸಿರುವುದು ಅದರಲ್ಲಿ ಉಳಿದಿರುವ ನೀರಿನಂಶವನ್ನು. ಈ ಲೇಖನವು ಆ ದೃಷ್ಟಿಯಿಂದ ತಯಾರಿಕೆಯ ಪ್ರತಿ ಹಂತವನ್ನೂ ವಿವರಿಸುತ್ತದೆ.

ಹೆಸರಿನಲ್ಲಿ ಉಳಿದ ಇತಿಹಾಸ

ಮೆಣಸಿನಕಾಯಿ ಈ ನೆಲದ ಮೂಲ ಬೆಳೆಯಲ್ಲ. ಅಮೆರಿಕ ಖಂಡದ ಈ ಸಸ್ಯವು 16ನೇ ಶತಮಾನದಲ್ಲಿ ಪೋರ್ಚುಗೀಸರ ಮೂಲಕ ಭಾರತದ ಪಶ್ಚಿಮ ಕರಾವಳಿಗೆ ಬಂದಿತು. ಅದಕ್ಕೂ ಮುನ್ನ ಇಲ್ಲಿನ ಅಡುಗೆಗೆ ಖಾರ ಕೊಡುತ್ತಿದ್ದುದು ಘಟ್ಟದ ಬಳ್ಳಿಯಲ್ಲಿ ಬೆಳೆಯುವ ಕಾಳುಮೆಣಸು. ಹೊಸ ಕಾಯಿಗೆ ಹಳೆಯ ಕಾಳಿನ ಹೆಸರೇ ಅಂಟಿಕೊಂಡಿತು. ಆದುದರಿಂದಲೇ ಕರಾವಳಿಯ ಕನ್ನಡದಲ್ಲಿ ಕಾಳುಮೆಣಸು ‘ಒಳ್ಳೆಮೆಣಸು’ ಎಂದೂ ತುಳುವಿನಲ್ಲಿ ‘ಎಡ್ಡೆ ಮುಂಚಿ’ ಎಂದೂ ಪ್ರತ್ಯೇಕವಾಗಿ ಗುರುತಿಸಲ್ಪಡುತ್ತದೆ. ಚಾತುರ್ಮಾಸ್ಯದ ಶಾಕವ್ರತದ ಅಡುಗೆಯಲ್ಲಿ ಮೆಣಸಿನಕಾಯಿ ವರ್ಜ್ಯವಾಗಿದ್ದು, ಒಳ್ಳೆಮೆಣಸು ಮತ್ತು ಜೀರಿಗೆಯ ಬಳಕೆ ಇಂದಿಗೂ ಮುಂದುವರಿದಿದೆ. ಜಿಲ್ಲೆಯ ಮಸಾಲೆ ಪುಡಿಗಳಲ್ಲಿ ಮೆಣಸು ಮತ್ತು ಒಳ್ಳೆಮೆಣಸು ಎರಡೂ ಜೊತೆಯಾಗಿರುವುದು ಹಳೆಯದೂ ಹೊಸದೂ ಕೂಡಿ ಬಂದುದಕ್ಕೆ ಸಾಕ್ಷಿ.

ಯಾವ ಮೆಣಸು, ಯಾವ ಕೆಲಸಕ್ಕೆ

ಮೆಣಸಿನಿಂದ ಅಡುಗೆಗೆ ದೊರೆಯುವುದು ಎರಡು ಗುಣಗಳು: ಬಣ್ಣ ಮತ್ತು ಖಾರ. ಇವೆರಡರ ಮೂಲ ಬೇರೆ ಬೇರೆ. ಕೆಂಪು ಬಣ್ಣ ಸಿಪ್ಪೆಯಲ್ಲಿರುವ ಕ್ಯಾರೊಟಿನಾಯ್ಡ್ ವರ್ಗದ ವರ್ಣದ್ರವ್ಯಗಳಿಂದ ಬರುತ್ತದೆ. ಖಾರ ಕ್ಯಾಪ್ಸೈಸಿನ್ ಎಂಬ ವಸ್ತುವಿನಿಂದ ಬರುತ್ತದೆ. ಅದು ಹೆಚ್ಚಾಗಿರುವುದು ಬೀಜದಲ್ಲಲ್ಲ, ಬೀಜಗಳು ಅಂಟಿಕೊಂಡಿರುವ ಒಳಗಿನ ಬಿಳಿಯ ತಿರುಳಿನಲ್ಲಿ.

ಹಾವೇರಿ ಜಿಲ್ಲೆಯ ಬ್ಯಾಡಗಿಯ ಹೆಸರಿನ ಮೆಣಸು ಸುಕ್ಕುಗಟ್ಟಿದ ಸಿಪ್ಪೆ, ಗಾಢ ಕೆಂಪು ಬಣ್ಣ ಮತ್ತು ಕಡಿಮೆ ಖಾರಕ್ಕೆ ಪ್ರಸಿದ್ಧ. 2011ರಲ್ಲಿ ಇದಕ್ಕೆ ಭೌಗೋಳಿಕ ಸೂಚಿಕೆಯ ಮಾನ್ಯತೆ ದೊರೆತಿದೆ. ಗುಂಟೂರು ಮೆಣಸಿನಲ್ಲಿ ಖಾರ ಹೆಚ್ಚು, ಬಣ್ಣ ಅದಕ್ಕೆ ಹೋಲಿಸಿದರೆ ಕಡಿಮೆ. ಕರಾವಳಿಯ ಅಂಗಡಿಗಳಲ್ಲಿ ಕುಮಟೆ ಮೆಣಸು, ಹರೇಕಳ ಮೆಣಸು, ಗಿಡ್ಡ ಮೆಣಸು ಎಂಬ ಹೆಸರುಗಳೂ ಬಳಕೆಯಲ್ಲಿವೆ. ಬಣ್ಣಕ್ಕೆ ಬ್ಯಾಡಗಿಯನ್ನು ಹೆಚ್ಚಾಗಿಯೂ ಖಾರಕ್ಕೆ ಗುಂಟೂರು ಅಥವಾ ಗಿಡ್ಡ ಮೆಣಸನ್ನು ಸ್ವಲ್ಪವಾಗಿಯೂ ಬೆರೆಸುವುದು ಇಲ್ಲಿನ ರೂಢಿ.

ಬ್ಯಾಡಗಿ ಮಾರುಕಟ್ಟೆಗೆ ಹೊಸ ಮೆಣಸು ಹೇರಳವಾಗಿ ಬರುವುದು ಫೆಬ್ರವರಿ, ಮಾರ್ಚ್ ತಿಂಗಳುಗಳಲ್ಲಿ. ವರ್ಷದ ಖರೀದಿಗೆ ಇದೇ ಸೂಕ್ತ ಕಾಲ. ಕೊಳ್ಳುವಾಗ ಕಾಯನ್ನು ಮುರಿದು ಒಳಭಾಗವನ್ನು ನೋಡಬೇಕು. ಹೊರಗೆ ಕೆಂಪಾಗಿದ್ದರೂ ಒಳಗೆ ಬೂದು ಅಥವಾ ಕಪ್ಪು ಪುಡಿ ಕಂಡರೆ ಅಂತಹ ಮೆಣಸನ್ನು ಬಿಡಬೇಕು. ಸಾಗಣೆಯಲ್ಲಿ ಕಾಯಿ ಮುರಿಯದಿರಲೆಂದೋ ತೂಕ ಬರಲೆಂದೋ ನೀರು ಚಿಮುಕಿಸುವ ಪದ್ಧತಿ ಕೆಲವೆಡೆ ಇರುವುದರಿಂದ, ಮುಟ್ಟಿದರೆ ಮೆತ್ತಗೆ ಮಡಚುವ ಮೆಣಸಿನ ಬಗ್ಗೆ ಎಚ್ಚರ ವಹಿಸಬೇಕು.

ಒಣಗಿಸುವ ಕ್ರಮ

ಅಂಗಡಿಯಿಂದ ತಂದ ಮೆಣಸು ಒಣಗಿದಂತೆ ಕಂಡರೂ ಪುಡಿ ಮಾಡುವಷ್ಟು ಒಣಗಿರುವುದಿಲ್ಲ. ಅದನ್ನು ಮಾರ್ಚ್ ಅಥವಾ ಏಪ್ರಿಲ್ ತಿಂಗಳ ಬಿಸಿಲಿನಲ್ಲಿ ಎರಡು ಮೂರು ದಿನ ಮತ್ತೆ ಒಣಗಿಸಬೇಕು. ಮೇ ತಿಂಗಳಲ್ಲಿ ಸಂಜೆಯ ಹೊತ್ತು ಗುಡುಗು ಸಹಿತ ಮಳೆ ಬರುವ ಸಂಭವವಿರುವುದರಿಂದ ಅಷ್ಟು ದಿನ ಕಾಯುವುದು ಜಾಣತನವಲ್ಲ.

ಮೊದಲು ಮೆಣಸನ್ನು ಆರಿಸಿ, ಬಿಳಿಚಿದ, ಕಪ್ಪಾದ, ತೂತು ಬಿದ್ದ ಕಾಯಿಗಳನ್ನು ಬೇರ್ಪಡಿಸಬೇಕು. ತೊಟ್ಟನ್ನು ಒಣಗಿದ ನಂತರವೇ ತೆಗೆಯುವುದು ಉತ್ತಮ. ಮೊದಲೇ ತೆಗೆದರೆ ಆ ತೂತಿನ ಮೂಲಕ ಧೂಳು ಮತ್ತು ಹುಳ ಒಳಸೇರುತ್ತವೆ. ನೆಲದ ಮೇಲೆ ನೇರವಾಗಿ ಹರಡದೆ, ನೆಲದಿಂದ ಎತ್ತರದಲ್ಲಿ ಕಟ್ಟಿದ ಮಂಚ ಅಥವಾ ಬಲೆಯ ಮೇಲೆ ಶುಭ್ರವಾದ ಬಟ್ಟೆ ಹಾಸಿ ತೆಳುವಾಗಿ ಹರಡಬೇಕು. ಆಗ ಗಾಳಿ ಕೆಳಗಿನಿಂದಲೂ ಆಡುತ್ತದೆ; ಕೋಳಿ, ಬೆಕ್ಕು, ನಾಯಿಗಳ ಕಾಟವೂ ತಪ್ಪುತ್ತದೆ. ಮೇಲೆ ತೆಳುವಾದ ಪರದೆ ಹೊದಿಸಿದರೆ ಧೂಳು ಬೀಳುವುದಿಲ್ಲ.

ಸಂಜೆ ಇಬ್ಬನಿ ಬೀಳುವ ಮೊದಲೇ ಮೆಣಸನ್ನು ಒಳಗೆ ತರಬೇಕು. ಬಿಸಿ ಆರುವ ಮೊದಲು ಡಬ್ಬಿಗೆ ತುಂಬಬಾರದು. ಆರಿದ ಮೇಲೆ ರಾತ್ರಿ ತೆರೆದೂ ಇಡಬಾರದು. ಕಾಪುವಿನಂತಹ ಸಮುದ್ರ ತೀರದ ಊರುಗಳಲ್ಲಿ ರಾತ್ರಿಯ ಗಾಳಿ ತೇವವನ್ನೂ ಉಪ್ಪಿನಂಶವನ್ನೂ ಹೊತ್ತು ತರುತ್ತದೆ. ಉಪ್ಪು ತೇವವನ್ನು ಹಿಡಿದಿಡುವ ಗುಣವುಳ್ಳದ್ದು. ಘಟ್ಟದ ಬುಡಕ್ಕೆ ಸಮೀಪವಿರುವ ಕಾರ್ಕಳದ ಕಡೆ ಉಪ್ಪುಗಾಳಿಯ ತೊಂದರೆ ಇಲ್ಲದಿದ್ದರೂ ಸಂಜೆಯ ಮಳೆ ಬೇಗ ಆರಂಭವಾಗಬಹುದು. ಆಯಾ ಊರಿನ ಹವೆಗೆ ತಕ್ಕಂತೆ ಕೆಲಸದ ದಿನಗಳನ್ನು ಗೊತ್ತುಪಡಿಸಿಕೊಳ್ಳಬೇಕು.

ಒಣಗಿದುದನ್ನು ತಿಳಿಯಲು ಮೂರು ಗುರುತುಗಳಿವೆ. ಕಾಯನ್ನು ಅಲುಗಿಸಿದರೆ ಬೀಜದ ಸದ್ದು ಕೇಳಿಸಬೇಕು. ಬಗ್ಗಿಸಿದರೆ ಮಡಚದೆ ಸದ್ದಾಗಿ ಮುರಿಯಬೇಕು. ಮೂರನೆಯದು ತಕ್ಕಡಿಯ ಪರೀಕ್ಷೆ: ಒಂದು ತಟ್ಟೆ ಮೆಣಸನ್ನು ಪ್ರತ್ಯೇಕವಾಗಿಟ್ಟು, ಪ್ರತಿದಿನ ಸಂಜೆ ಅದನ್ನೇ ತೂಗಿ ಬರೆದಿಡಬೇಕು. ತೂಕ ಇಳಿಯುವುದು ನಿಂತಾಗ, ಬಿಸಿಲು ತೆಗೆಯಬಹುದಾದ ನೀರೆಲ್ಲ ಹೋಯಿತೆಂದು ಅರ್ಥ. ಗುಂಪಾಗಿ ತಯಾರಿಸುವವರು ಈ ಮೂರನೆಯ ಕ್ರಮವನ್ನು ತಪ್ಪದೆ ಅನುಸರಿಸಬೇಕು. ಕಣ್ಣಂದಾಜು ಒಬ್ಬರಿಂದ ಒಬ್ಬರಿಗೆ ಬದಲಾಗುತ್ತದೆ, ತೂಕ ಬದಲಾಗುವುದಿಲ್ಲ.

ಬೂಷ್ಟನ್ನು ಏಕೆ ಲಘುವಾಗಿ ಕಾಣಬಾರದು

ತೇವ ಉಳಿದ ಮೆಣಸಿನಲ್ಲಿ ಆಸ್ಪರ್ಜಿಲಸ್ ಎಂಬ ಶಿಲೀಂಧ್ರ ಬೆಳೆಯಬಹುದು. ಅದರ ಕೆಲವು ಪ್ರಭೇದಗಳು ಅಫ್ಲಾಟಾಕ್ಸಿನ್ ಎಂಬ ವಿಷವನ್ನು ಉತ್ಪಾದಿಸುತ್ತವೆ. ಈ ವಿಷ ಯಕೃತ್ತಿಗೆ ಹಾನಿಕರವಾಗಿದ್ದು, ದೀರ್ಘಕಾಲ ದೇಹ ಸೇರಿದರೆ ಯಕೃತ್ತಿನ ಕ್ಯಾನ್ಸರಿಗೂ ಕಾರಣವಾಗುತ್ತದೆ. 1974ರಲ್ಲಿ ರಾಜಸ್ಥಾನ ಮತ್ತು ಗುಜರಾತಿನ ಗಡಿಭಾಗದ ಬುಡಕಟ್ಟು ಹಳ್ಳಿಗಳಲ್ಲಿ ಅಕಾಲಿಕ ಮಳೆಗೆ ಸಿಕ್ಕಿ ಬೂಷ್ಟು ಹಿಡಿದ ಮೆಕ್ಕೆಜೋಳವನ್ನು ಉಂಡು ನೂರಕ್ಕೂ ಹೆಚ್ಚು ಜನ ಮೃತಪಟ್ಟರು. ಮಸಾಲೆಯನ್ನು ಧಾನ್ಯದಷ್ಟು ಪ್ರಮಾಣದಲ್ಲಿ ಯಾರೂ ತಿನ್ನುವುದಿಲ್ಲ. ಆದರೆ ಪ್ರತಿದಿನ ತಿನ್ನುತ್ತಾರೆ.

ಬೂಷ್ಟು ಹಿಡಿದ ಮೆಣಸನ್ನು ಬಟ್ಟೆಯಲ್ಲಿ ಒರಸಿ ಅಥವಾ ಚೆನ್ನಾಗಿ ಹುರಿದು ಬಳಸಬಹುದೆಂಬ ನಂಬಿಕೆ ಕೆಲವರಲ್ಲಿದೆ. ಇದು ಸರಿಯಲ್ಲ. ಹುರಿದಾಗ ಶಿಲೀಂಧ್ರ ಸಾಯಬಹುದು, ಆದರೆ ಅದು ಈಗಾಗಲೇ ಉತ್ಪಾದಿಸಿದ ವಿಷ ಅಡುಗೆಯ ಶಾಖಕ್ಕೆ ಪೂರ್ತಿಯಾಗಿ ನಾಶವಾಗುವುದಿಲ್ಲ. ಅಂತಹ ಮೆಣಸನ್ನು ದನಕರುಗಳ ಮೇವಿಗೂ ಬೆರೆಸದೆ ಹೂಳಬೇಕು.

ಆಹಾರ ಸುರಕ್ಷತೆ ಮತ್ತು ಗುಣಮಟ್ಟ ನಿಯಮಗಳಂತೆ ಮೆಣಸಿನ ಪುಡಿಯಲ್ಲಿ ನೀರಿನಂಶ ತೂಕದ ಶೇ. 11ನ್ನು, ಮಿಶ್ರ ಮಸಾಲೆ ಪುಡಿಯಲ್ಲಿ ಶೇ. 10ನ್ನು ಮೀರುವಂತಿಲ್ಲ. ಮಸಾಲೆ ಪದಾರ್ಥಗಳಲ್ಲಿ ಅಫ್ಲಾಟಾಕ್ಸಿನ್ ಒಂದು ಕಿಲೋಗ್ರಾಂಗೆ 30 ಮೈಕ್ರೋಗ್ರಾಂ ಮಿತಿಯೊಳಗಿರಬೇಕು.

ಪದಾರ್ಥಗಳ ಪ್ರಮಾಣ

ಮನೆಯಿಂದ ಮನೆಗೆ ಪ್ರಮಾಣ ಬದಲಾಗುವುದು ಸಹಜ. ಮೊದಲ ಬಾರಿ ಮಾಡುವವರಿಗೆ ಮಾರ್ಗದರ್ಶಿಯಾಗಿ, ತಲಾ ಒಂದು ಕಿಲೋಗ್ರಾಂ ಪದಾರ್ಥದ ಎರಡು ಮಾದರಿಗಳನ್ನು ಇಲ್ಲಿ ನೀಡಲಾಗಿದೆ. ಮೆಣಸಿನ ತೂಕ ತೊಟ್ಟು ತೆಗೆದ ನಂತರದ್ದು.

ಅ) ಮೀನು, ಕೋಳಿ ಮತ್ತು ತರಕಾರಿ ಪದಾರ್ಥಗಳಿಗೆ ಬಳಸುವ ಮಸಾಲೆ ಪುಡಿ:
- ಬ್ಯಾಡಗಿ ಮೆಣಸು – 500 ಗ್ರಾಂ
- ಕೊತ್ತಂಬರಿ – 250 ಗ್ರಾಂ
- ಗುಂಟೂರು ಅಥವಾ ಗಿಡ್ಡ ಮೆಣಸು – 100 ಗ್ರಾಂ
- ಒಳ್ಳೆಮೆಣಸು – 50 ಗ್ರಾಂ
- ಜೀರಿಗೆ – 50 ಗ್ರಾಂ
- ಮೆಂತೆ – 25 ಗ್ರಾಂ
- ಅರಸಿನ – 25 ಗ್ರಾಂ

ಆ) ಸಾರಿನ ಪುಡಿ:
- ಕೊತ್ತಂಬರಿ – 500 ಗ್ರಾಂ
- ಬ್ಯಾಡಗಿ ಮೆಣಸು – 300 ಗ್ರಾಂ
- ಜೀರಿಗೆ – 100 ಗ್ರಾಂ
- ಮೆಂತೆ – 50 ಗ್ರಾಂ
- ಒಣಗಿಸಿದ ಕರಿಬೇವು – 30 ಗ್ರಾಂ
- ಇಂಗು – 20 ಗ್ರಾಂ

ಕುಂದಾಪುರದ ಕಡೆಯ ಮಸಾಲೆಯಲ್ಲಿ ಬೆಳ್ಳುಳ್ಳಿಯನ್ನೂ ಸೇರಿಸುವ ಪದ್ಧತಿ ಇದೆ. ಕೆಲವೇ ದಿನಗಳಲ್ಲಿ ಮುಗಿಯುವ ಮನೆ ಬಳಕೆಯ ಪುಡಿಗೆ ಇದು ಸರಿ. ಆದರೆ ಬೆಳ್ಳುಳ್ಳಿಯಲ್ಲಿ ನೀರಿನಂಶ ಹೆಚ್ಚಿರುವುದರಿಂದ, ತಿಂಗಳುಗಟ್ಟಲೆ ಇಡುವ ಅಥವಾ ಮಾರುವ ಪುಡಿಗೆ ಅದನ್ನು ಸೇರಿಸದೆ, ಅಡುಗೆ ಮಾಡುವಾಗ ಬಳಸುವುದು ಕ್ಷೇಮಕರ. ಹಸಿ ಕರಿಬೇವಿಗೂ ಇದೇ ಮಾತು ಅನ್ವಯಿಸುತ್ತದೆ. ಅದನ್ನು ನೆರಳಿನಲ್ಲಿ ಗರಿಗರಿಯಾಗುವವರೆಗೆ ಒಣಗಿಸಿದ ನಂತರವೇ ಸೇರಿಸಬೇಕು.

ಹುರಿಯುವುದು ಮತ್ತು ಪುಡಿ ಮಾಡುವುದು

ಎಲ್ಲ ಪದಾರ್ಥಗಳನ್ನು ಒಟ್ಟಿಗೆ ಹುರಿಯಬಾರದು. ಮೆಂತೆ ನಿಧಾನವಾಗಿ ಕೆಂಪಾಗುತ್ತದೆ, ಜೀರಿಗೆ ಕ್ಷಣದಲ್ಲಿ ಕರಗಾಗುತ್ತದೆ. ದಪ್ಪ ತಳದ ಬಾಣಲೆಯಲ್ಲಿ, ಸಣ್ಣ ಉರಿಯಲ್ಲಿ ಒಂದೊಂದನ್ನೇ ಹುರಿದು ಅಗಲವಾದ ತಟ್ಟೆಗೆ ಸುರಿಯಬೇಕು. ಮೆಂತೆ ಹೊಂಬಣ್ಣ ಮೀರಿದರೆ ಇಡೀ ಪುಡಿ ಕಹಿಯಾಗುತ್ತದೆ. ಕೊತ್ತಂಬರಿಯನ್ನು ಪರಿಮಳ ಬರುವವರೆಗೆ ಮಾತ್ರ ಬಿಸಿ ಮಾಡಬೇಕು. ಹೆಚ್ಚು ಹುರಿದರೆ ಅದರ ಸುಗಂಧದ ಎಣ್ಣೆ ಆವಿಯಾಗಿ ಹೋಗುತ್ತದೆ. ಅರಸಿನ ಮತ್ತು ಪುಡಿ ಇಂಗನ್ನು ಹುರಿಯುವ ಅಗತ್ಯವಿಲ್ಲ.

ಮನೆ ಬಳಕೆಗೆ ಮೆಣಸನ್ನು ತುಸು ತೆಂಗಿನೆಣ್ಣೆ ಸವರಿ ಹುರಿಯುವುದುಂಟು. ಇದರಿಂದ ಬಣ್ಣ ಹೊಳೆಯುತ್ತದೆ, ಘಾಟೂ ಕಡಿಮೆಯಾಗುತ್ತದೆ. ಆದರೆ ಎಣ್ಣೆ ತಗಲಿದ ಪುಡಿಗೆ ಕಾಲಕ್ರಮದಲ್ಲಿ ಕಮಟು ವಾಸನೆ ಬರುವುದರಿಂದ ಮಾರಾಟದ ಪುಡಿಗೆ ಎಣ್ಣೆಯಿಲ್ಲದೆ ಬೆಚ್ಚಗೆ ಮಾಡುವುದೇ ಸೂಕ್ತ. ಮೆಣಸು ಕಪ್ಪಾಗುವಷ್ಟು ಹುರಿಯಬಾರದು.

ಹುರಿಯುವ ಜಾಗದಲ್ಲಿ ಕಿಟಕಿ ಬಾಗಿಲು ತೆರೆದಿರಬೇಕು. ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಳ್ಳಬೇಕು. ಚಿಕ್ಕ ಮಕ್ಕಳು ಮತ್ತು ಉಬ್ಬಸವಿರುವವರು ಹತ್ತಿರ ಸುಳಿಯಬಾರದು. ಕೈ ಉರಿದರೆ ಬರಿಯ ನೀರಿನಿಂದ ತೊಳೆದು ಪ್ರಯೋಜನವಿಲ್ಲ, ಏಕೆಂದರೆ ಕ್ಯಾಪ್ಸೈಸಿನ್ ನೀರಿನಲ್ಲಿ ಕರಗದೆ ಎಣ್ಣೆಯಲ್ಲಿ ಕರಗುತ್ತದೆ. ಮೊದಲು ತೆಂಗಿನೆಣ್ಣೆ ಉಜ್ಜಿ, ಅನಂತರ ಸಾಬೂನಿನಿಂದ ತೊಳೆಯಬೇಕು.

ಗಿರಣಿಯಲ್ಲಿ ಅಕ್ಕಿ ಅಥವಾ ಗೋಧಿ ಹಿಟ್ಟು ಮಾಡಿದ ಯಂತ್ರದಲ್ಲಿಯೇ ಮಸಾಲೆ ಹಾಕಿದರೆ ಹಿಟ್ಟು ಬೆರೆಯುತ್ತದೆ. ಮೆಣಸಿಗೆಂದೇ ಮೀಸಲಾದ ಯಂತ್ರವಿರುವಲ್ಲಿ ಪುಡಿ ಮಾಡಿಸಬೇಕು. ಗಿರಣಿಯಿಂದ ಬಂದ ಪುಡಿ ಬಿಸಿಯಾಗಿರುತ್ತದೆ. ಅದನ್ನು ಹಾಗೆಯೇ ಡಬ್ಬಿಗೆ ತುಂಬಿದರೆ ಆವಿ ಮುಚ್ಚಳಕ್ಕೆ ತಗಲಿ ನೀರಾಗಿ ಮತ್ತೆ ಪುಡಿಗೇ ಇಳಿಯುತ್ತದೆ. ಮೂರು ದಿನ ಬಿಸಿಲಿನಲ್ಲಿ ಪಟ್ಟ ಶ್ರಮ ಈ ಅರ್ಧ ಗಂಟೆಯ ಆತುರದಿಂದ ಹಾಳಾಗಬಹುದು. ಆದುದರಿಂದ ಶುಭ್ರವಾದ ಕಾಗದ ಅಥವಾ ಪರಾತದ ಮೇಲೆ ಹರಡಿ, ಪೂರ್ತಿ ತಣಿದ ಮೇಲೆ ಜರಡಿ ಹಿಡಿದು, ಅದೇ ದಿನ ತುಂಬಿ ಮುಚ್ಚಬೇಕು.

ಶೇಖರಣೆ

ಗಾಳಿ, ಬೆಳಕು, ತೇವ ಈ ಮೂರೂ ಪುಡಿಗೆ ಶತ್ರುಗಳು. ಬೆಳಕು ಮತ್ತು ಗಾಳಿ ಬಣ್ಣವನ್ನು ಕುಂದಿಸಿದರೆ, ತೇವ ಗಂಟು ಕಟ್ಟಿಸಿ ಬೂಷ್ಟಿಗೆ ದಾರಿ ಮಾಡುತ್ತದೆ. ಇಡೀ ಪುಡಿಯನ್ನು ಒಂದೇ ದೊಡ್ಡ ಡಬ್ಬಿಯಲ್ಲಿಡದೆ, ಒಂದೊಂದು ತಿಂಗಳಿಗೆ ಸಾಕಾಗುವಷ್ಟನ್ನು ಸಣ್ಣ ಗಾಜಿನ ಬಾಟಲಿಗಳಲ್ಲಿ ತುಂಬಿ, ಗಟ್ಟಿಯಾಗಿ ಮುಚ್ಚಿ, ಕತ್ತಲೆಯ ಕಪಾಟಿನಲ್ಲಿಡಬೇಕು. ಮಳೆಗಾಲದಲ್ಲಿ ಒಂದು ಬಾಟಲಿ ಮಾತ್ರ ತೆರೆದಿರಬೇಕು. ಒದ್ದೆ ಚಮಚ ಹಾಕಬಾರದು. ಕುದಿಯುವ ಪಾತ್ರೆಯ ಮೇಲೆ ಬಾಟಲಿ ಹಿಡಿದು ಉದುರಿಸಬಾರದು. ಫ್ರಿಜ್‌ನಲ್ಲಿಟ್ಟ ಬಾಟಲಿಯನ್ನು ಹೊರತೆಗೆದ ಕೂಡಲೇ ತೆರೆದರೆ ತಣ್ಣನೆಯ ಪುಡಿಯ ಮೇಲೆ ಗಾಳಿಯ ತೇವ ಕೂರುತ್ತದೆ. ಹೊರಗಿನ ಹದಕ್ಕೆ ಬಂದ ನಂತರವೇ ತೆರೆಯಬೇಕು.

ಕೊಂಡ ಪುಡಿಯ ಪರೀಕ್ಷೆ

ಒಂದು ಲೋಟ ನೀರಿನ ಮೇಲೆ ಒಂದು ಚಮಚ ಮೆಣಸಿನ ಪುಡಿಯನ್ನು ಉದುರಿಸಿದಾಗ ಬಣ್ಣ ಗೆರೆಗೆರೆಯಾಗಿ ಕೆಳಗಿಳಿದರೆ ನೀರಿನಲ್ಲಿ ಕರಗುವ ಕೃತಕ ಬಣ್ಣ ಬೆರೆತಿರುವ ಸಂಶಯವಿದೆ. ತಳದಲ್ಲಿ ಕುಳಿತ ಪುಡಿಯನ್ನು ಬೆರಳಿನಿಂದ ಉಜ್ಜಿದಾಗ ಮರಳಿನಂತೆ ಒರಟಾಗಿದ್ದರೆ ಇಟ್ಟಿಗೆ ಪುಡಿ ಅಥವಾ ಮರಳು ಇರಬಹುದು. ಆದರೆ ಈ ಪರೀಕ್ಷೆಗೆ ಮಿತಿಯಿದೆ. ಸುಡಾನ್ ಎಂಬ ನಿಷೇಧಿತ ಬಣ್ಣ ನೀರಿನಲ್ಲಿ ಕರಗುವುದಿಲ್ಲ. ಅದನ್ನು ಪ್ರಯೋಗಾಲಯದಲ್ಲಿ ಮಾತ್ರ ಪತ್ತೆಹಚ್ಚಬಹುದು. 2005ರ ಫೆಬ್ರವರಿಯಲ್ಲಿ ಈ ಬಣ್ಣ ಬೆರೆತ ಮೆಣಸಿನ ಪುಡಿಯ ಕಾರಣದಿಂದ ಬ್ರಿಟನ್ನಿನಲ್ಲಿ ನೂರಾರು ಬಗೆಯ ಆಹಾರ ಪದಾರ್ಥಗಳನ್ನು ಅಂಗಡಿಗಳಿಂದ ಹಿಂಪಡೆಯಬೇಕಾಯಿತು. ಇಡಿಯ ಮೆಣಸು ಕೊಂಡು ಮನೆಯಲ್ಲಿಯೇ ಪುಡಿ ಮಾಡುವುದರ ದೊಡ್ಡ ಲಾಭವೆಂದರೆ ಈ ಸಂಶಯಕ್ಕೆ ಹೆಚ್ಚಿನ ಆಸ್ಪದವೇ ಇರುವುದಿಲ್ಲ.

ಮಾರಾಟ ಮಾಡುವ ಗುಂಪುಗಳ ಗಮನಕ್ಕೆ

ನೋಂದಣಿ: ಆಹಾರ ಪದಾರ್ಥ ತಯಾರಿಸಿ ಮಾರುವವರು, ಮನೆಯಲ್ಲಿಯೇ ತಯಾರಿಸಿದರೂ, ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ 2006ರ ಅಡಿಯಲ್ಲಿ ನೋಂದಣಿ ಅಥವಾ ಪರವಾನಗಿ ಪಡೆಯಬೇಕು. 2011ರ ನಿಯಮಗಳು ವಾರ್ಷಿಕ ವಹಿವಾಟು 12 ಲಕ್ಷ ರೂಪಾಯಿ ಮೀರದ ಸಣ್ಣ ತಯಾರಕರಿಗೆ ವರ್ಷಕ್ಕೆ 100 ರೂಪಾಯಿ ಶುಲ್ಕದ ಸರಳ ನೋಂದಣಿಯನ್ನು ಗೊತ್ತುಪಡಿಸಿದವು. ಅರ್ಜಿ ಸಲ್ಲಿಸುವ ಮುನ್ನ ಚಾಲ್ತಿಯಲ್ಲಿರುವ ಮಿತಿ ಮತ್ತು ಶುಲ್ಕವನ್ನು ಖಚಿತಪಡಿಸಿಕೊಳ್ಳಬೇಕು. ಪುಡಿ ಮಾಡಿದ ಮಸಾಲೆಯನ್ನು ಬಿಡಿಯಾಗಿ ಅಳೆದು ಮಾರದೆ ಪೊಟ್ಟಣದಲ್ಲಿಯೇ ಮಾರತಕ್ಕದ್ದು.

ಲೇಬಲ್: ಪದಾರ್ಥದ ಹೆಸರು, ತೂಕದ ಇಳಿಕೆಯ ಕ್ರಮದಲ್ಲಿ ಪದಾರ್ಥಗಳ ಪಟ್ಟಿ, ನಿವ್ವಳ ತೂಕ, ತಯಾರಿಕೆಯ ದಿನಾಂಕ, ಬಳಕೆಯ ಅವಧಿ, ಬ್ಯಾಚ್ ಸಂಖ್ಯೆ, ಗರಿಷ್ಠ ಮಾರಾಟ ಬೆಲೆ, ತಯಾರಕರ ವಿಳಾಸ, ಸಸ್ಯಾಹಾರದ ಹಸಿರು ಚಿಹ್ನೆ ಮತ್ತು 14 ಅಂಕಿಗಳ ನೋಂದಣಿ ಸಂಖ್ಯೆ ಇರಬೇಕು. ಮಾರುಕಟ್ಟೆಯ ಇಂಗಿನಲ್ಲಿ ಸಾಮಾನ್ಯವಾಗಿ ಗೋಧಿ ಅಥವಾ ಅಕ್ಕಿ ಹಿಟ್ಟು ಬೆರೆತಿರುತ್ತದೆ. ಗೋಧಿ ಒಗ್ಗದವರಿಗೆ ಇದು ತಿಳಿಯಬೇಕಾದುದರಿಂದ, ಸಾರಿನ ಪುಡಿಯ ಲೇಬಲ್‌ನಲ್ಲಿ ಅದನ್ನು ನಮೂದಿಸಬೇಕು.

ಬೆಲೆ: ಕೊಂಡ ತೂಕದ ಮೇಲೆ ಬೆಲೆ ಕಟ್ಟುವುದು ಗುಂಪುಗಳು ಮಾಡಬಹುದಾದ ದೊಡ್ಡ ತಪ್ಪು. ಉದಾಹರಣೆಗೆ, 10 ಕಿಲೋ ಪದಾರ್ಥಕ್ಕೆ 3,600 ರೂಪಾಯಿ ಖರ್ಚಾಯಿತೆಂದು ಭಾವಿಸೋಣ. ತೊಟ್ಟು, ತೇವ, ಗಿರಣಿಯ ನಷ್ಟ ಕಳೆದು 9 ಕಿಲೋ ಪುಡಿ ದೊರೆತರೆ, ಕಿಲೋ ಒಂದಕ್ಕೆ ಪದಾರ್ಥದ ವೆಚ್ಚ 360 ರೂಪಾಯಿ ಅಲ್ಲ, 400 ರೂಪಾಯಿ. ಈ 40 ರೂಪಾಯಿಯನ್ನು ಲೆಕ್ಕಕ್ಕೆ ಹಿಡಿಯದಿದ್ದರೆ ಅದು ಸದಸ್ಯರ ಕೂಲಿಯಿಂದಲೇ ಹೋಗುತ್ತದೆ. ಇದರ ಮೇಲೆ ಗಿರಣಿ, ಪೊಟ್ಟಣ, ಲೇಬಲ್, ಸಾಗಣೆ ಮತ್ತು ಸದಸ್ಯರ ದುಡಿಮೆಯ ದಿನಗಳನ್ನು ಸೇರಿಸಿ ಬೆಲೆ ನಿಗದಿಪಡಿಸಬೇಕು. ಚೆನ್ನಾಗಿ ಒಣಗಿಸಿದ ಪುಡಿಯ ತೂಕ ಸಹಜವಾಗಿಯೇ ಕಡಿಮೆ. ಆ ಕೊರತೆಯನ್ನು ತುಂಬಲು ತೇವ ಉಳಿಸುವುದು ಗ್ರಾಹಕರಿಗೆ ನೀರು ಮಾರಿದಂತೆ; ಪುಡಿ ಕೆಟ್ಟಾಗ ಅದರ ನಷ್ಟ ಗುಂಪಿಗೇ ಮರಳುತ್ತದೆ.

ನೆರವು: 2020ರಲ್ಲಿ ಆರಂಭವಾದ ಪ್ರಧಾನಮಂತ್ರಿ ಕಿರು ಆಹಾರ ಸಂಸ್ಕರಣಾ ಉದ್ದಿಮೆಗಳ ಯೋಜನೆಯಲ್ಲಿ ಆಹಾರ ಸಂಸ್ಕರಣೆಯಲ್ಲಿ ತೊಡಗಿರುವ ಸ್ವಸಹಾಯ ಗುಂಪಿನ ಪ್ರತಿ ಸದಸ್ಯರಿಗೆ ಗರಿಷ್ಠ 40,000 ರೂಪಾಯಿ ಮೂಲ ಬಂಡವಾಳಕ್ಕೆ ಅವಕಾಶ ಕಲ್ಪಿಸಲಾಗಿತ್ತು. ಪ್ರಸಕ್ತ ಸಾಲಿನ ಲಭ್ಯತೆ, ನೋಂದಣಿ ಮತ್ತು ತರಬೇತಿಯ ಕುರಿತು ಗುಂಪುಗಳು ತಮ್ಮ ಗ್ರಾಮ ಪಂಚಾಯತ್ ಮಟ್ಟದ ಸಂಜೀವಿನಿ ಒಕ್ಕೂಟದ ಮೂಲಕ ತಾಲೂಕು ಪಂಚಾಯತ್ ಕಚೇರಿಯಲ್ಲಿ ವಿಚಾರಿಸಬಹುದು.

ಮುಖ್ಯಾಂಶಗಳು

1. ಖರೀದಿ ಮಾರ್ಚ್ ಒಳಗೆ, ಒಣಗಿಸುವಿಕೆ ಏಪ್ರಿಲ್ ಒಳಗೆ, ತುಂಬಿ ಮುಚ್ಚುವ ಕೆಲಸ ಮೇ ಮಧ್ಯದೊಳಗೆ ಮುಗಿಯಬೇಕು.
2. ತೂಕ ಇಳಿಯುವುದು ನಿಲ್ಲುವವರೆಗೆ ಒಣಗಿಸಬೇಕು.
3. ಬೂಷ್ಟು ಕಂಡ ಮೆಣಸನ್ನು ಹುರಿದೂ ಬಳಸಬಾರದು.
4. ಬಿಸಿ ಪುಡಿಯನ್ನು ಡಬ್ಬಿಗೆ ತುಂಬಬಾರದು.
5. ದೊರೆತ ಪುಡಿಯ ತೂಕದ ಮೇಲೆ ಬೆಲೆ ಕಟ್ಟಬೇಕು.

ಆಟಿ ತಿಂಗಳ ಜಡಿಮಳೆಯಲ್ಲಿ, ಹೊರಗೆ ಬಟ್ಟೆಯೂ ಒಣಗದ ದಿನಗಳಲ್ಲಿ ಬಾಟಲಿಯ ಮುಚ್ಚಳ ತೆರೆದಾಗ ಪುಡಿ ಹುಡಿಹುಡಿಯಾಗಿ ಉದುರಿ, ಹುರಿದ ದಿನದ ಪರಿಮಳವನ್ನೇ ಕೊಟ್ಟರೆ, ಬೇಸಿಗೆಯ ಕೆಲಸ ಸರಿಯಾಗಿ ನಡೆದಿದೆ ಎಂದು ತಿಳಿಯಬಹುದು.